ಆರು ಉಸಿರಿನ ಪರೀಕ್ಷೆ

‘ನಿನ್ನ ಗುಟ್ಟು ಯಾರ ಹತ್ರಾನೂ ಬಾಯಿ ಬಿಡಲ್ಲ’ ಎಂದು ಅಕ್ಕ ತಮ್ಮನಿಗೆ ಮಾತು ಕೊಟ್ಟಾಗ ಅವಳಿಗೆ ಹನ್ನೆರಡು, ಅವನಿಗೆ ಏಳು. ಹತ್ತಬಾರದ ನೀರಿನ ಟ್ಯಾಂಕು ಹತ್ತಿ ಮೊಣಕೈ ತರಚಿಕೊಂಡು ಬಂದಿದ್ದ. ಮೂವತ್ತು ವರ್ಷ ಆ ಮಾತು ಮುಕ್ಕಾಗಿರಲಿಲ್ಲ. ಅವನು ಕದ್ದು ಸೇದಿದ ಸಿಗರೇಟು, ಹೆಂಡತಿಗೂ ಹೇಳದ ಭಯಗಳು ಎಲ್ಲವೂ ಅವಳ ಹೊಟ್ಟೆಯಲ್ಲೇ ಉಳಿದಿದ್ದವು.

ಈಗ ಅವಳು ಆಸ್ಪತ್ರೆಯಲ್ಲಿ ನರಗಳ ಪರೀಕ್ಷೆ ಮಾಡುವ ಟೆಕ್ನೀಷಿಯನ್. ಅವನು ಅರವತ್ತು ಮೀಟರ್ ಎತ್ತರದ ಕ್ರೇನ್ ನಡೆಸುವವನು, ಆರು ವರ್ಷದಿಂದ ಸಕ್ಕರೆ ಕಾಯಿಲೆಯವನು. ಸಕ್ಕರೆ ನರಗಳನ್ನು ಕೆಡಿಸಿದೆಯೇ ಎಂದು ನೋಡುವ ಈ ಪರೀಕ್ಷೆ ಪಾಸಾಗದಿದ್ದರೆ ಸೋಮವಾರದಿಂದ ಕ್ಯಾಬಿನ್ ಹತ್ತುವಂತಿಲ್ಲ. ಬೇಕಂತಲೇ ಅಕ್ಕನ ಪಾಳಿ ನೋಡಿಕೊಂಡು ಬಂದಿದ್ದ.

ಎದೆಗೆ ವೈರು ಅಂಟಿಸಿದಳು. “ನಿಮಿಷಕ್ಕೆ ಆರೇ ಉಸಿರು. ನಾನು ಹೇಳಿದಾಗ ಎಳಿ, ಹೇಳಿದಾಗ ಬಿಡು.”

“ಚಿಕ್ಕಂದಿನಿಂದ ಅದೇ ತಾನೇ ಮಾಡ್ತಿರೋದು.”

“ಬಾಯ್ಮುಚ್ಚೋ.”

ಉಸಿರೆಳೆದಾಗ ಎದೆಬಡಿತ ಚುರುಕಾಗಬೇಕು, ಬಿಟ್ಟಾಗ ನಿಧಾನವಾಗಬೇಕು. ಯಾರೂ ಹೇಳದೆಯೇ ಒಳಗಿನ ನರಗಳು ಅದನ್ನು ನೋಡಿಕೊಳ್ಳುತ್ತವೆ. ತೆರೆಯ ಮೇಲೆ ಗೆರೆ ಏರಿಳಿಯಬೇಕಿತ್ತು. ತಮ್ಮನದು ಮೇಜಿನ ಅಂಚಿನಂತೆ ನೇರವಾಗಿತ್ತು. ನಿಮಿಷಕ್ಕೆ ಹದಿನೈದು ಬಡಿತವಾದರೂ ಬರಬೇಕಿದ್ದ ವ್ಯತ್ಯಾಸ ಬರೀ ಮೂರು.

“ನೋಡಿದ್ಯಾ, ಗಡಿಯಾರ ಇದ್ದಂಗಿದೆ!” ಎಂದು ಅವನು ಬೀಗಿದ.

ಗಡಿಯಾರದಂತಿರುವುದೇ ರೋಗ ಎಂದು ಅವಳ ನಾಲಿಗೆ ತುದಿಗೆ ಬಂತು. “ಇನ್ನೊಂದ್ಸಲ ಮಾಡೋಣ” ಎಂದಷ್ಟೇ ಹೇಳಿದಳು.

ನೀರು ಕುಡಿಯಲೆಂದು ಎದ್ದವನು ತಟ್ಟನೆ ಮಂಚದ ಕಂಬಿ ಹಿಡಿದುಕೊಂಡ.

“ಏನಾಯ್ತೋ?”

“ಏನಿಲ್ಲ. ಕಣ್ಣು ಕತ್ತಲೆ ಬಂತು. ಮೇಲೆ ಕ್ಯಾಬಿನ್‌ನಲ್ಲೂ ಒಂದೊಂದ್ಸಲ ಬರುತ್ತೆ, ಅರೆಕ್ಷಣ ಅಷ್ಟೇ. ನಿನ್ನೊಬ್ಬಳಿಗೇ ಹೇಳ್ತಿರೋದು ಕಣೇ.”

ಅವಳು ಅವನನ್ನು ಮತ್ತೆ ಮಂಚದ ಮೇಲೆ ಮಲಗಿಸಿದಳು. ಎರಡನೆಯ ಸಲವೂ ಮೂರೇ. ಮೂರನೆಯ ಸಲ ನಾಲ್ಕನೇ ಉಸಿರಿಗೆ ಅವನಿಗೆ ಜೋರು ಕೆಮ್ಮು ಬಂತು. ಗೆರೆ ಅಡ್ಡಾದಿಡ್ಡಿ ಕುಣಿದು, ಹದಿನೇಳು ಎಂದು ತೋರಿಸಿತು.

ಕೆಮ್ಮಿನ ಬಡಿತಗಳನ್ನು ಲೆಕ್ಕದಿಂದ ತೆಗೆಯುವುದು ಅವಳ ಕೆಲಸ. ಪಾಸೋ ಫೇಲೋ ತೀರ್ಮಾನಿಸುವ ಮಹಡಿಯ ಮೇಲಿನ ಡಾಕ್ಟರು ನೋಡುವುದು ಕೊನೆಯ ಅಂಕಿಯನ್ನು ಮಾತ್ರ.

“ಹದಿನೇಳು ಅಂದ್ರೆ ಪಾಸು ತಾನೇ?”

“ನೀನು ಕೆಮ್ಮಿದ್ದಕ್ಕೆ ಬಂದಿದ್ದು ಕಣೋ ಅದು.”

“ಕೆಮ್ಮಬಾರ್ದು ಅಂತ ಕಾನೂನಿದ್ಯಾ?” ಎಂದು ನಕ್ಕವನು ಅವಳ ಮುಖ ನೋಡಿ ನಿಲ್ಲಿಸಿದ. “ಅಕ್ಕಾ... ಬಿಟ್ಬಿಡೇ ಹಾಗೇ. ಮಕ್ಕಳಿನ್ನೂ ಸ್ಕೂಲಲ್ಲಿದಾರೆ.”

“ನಿನ್ನ ಕ್ರೇನ್ ಕೊಕ್ಕೆ ಕೆಳಗೆ ಎಷ್ಟು ಜನ ಓಡಾಡ್ತಾರೆ?”

ಅವನು ಮುಖವನ್ನು ಗೋಡೆಯತ್ತ ತಿರುಗಿಸಿದ.

“ಕೇಳಿದ್ದಕ್ಕೆ ಹೇಳು.”

“ಇಪ್ಪತ್ತು ಜನ.”

ಅವಳು ಕೆಮ್ಮಿನ ಭಾಗವನ್ನು ಗುರುತು ಹಾಕಿ ಅಳಿಸಿದಳು. ಅಂಕಿ ಮೂರಕ್ಕೆ ಇಳಿಯಿತು. ವರದಿಯ ಕೆಳಗಿನ ಖಾಲಿ ಜಾಗದಲ್ಲಿ, ಎದ್ದು ನಿಂತಾಗ ಕಣ್ಣು ಕತ್ತಲೆ ಬರುತ್ತದೆ, ಕ್ರೇನ್ ಮೇಲೂ ಬಂದಿದೆ ಎಂದು ಬರೆದಳು. ತಮ್ಮ ತಾನೇ ವೈರು ಕಿತ್ತುಕೊಂಡು ಅಂಗಿ ತೊಟ್ಟ, ಗುಂಡಿಗಳು ಅದಲುಬದಲಾಗಿದ್ದವು. ಸರಿಮಾಡಲು ಅವಳು ಕೈ ಚಾಚಿದರೆ ಹಿಂದೆ ಸರಿದ.

ವರದಿ ಮಹಡಿಗೆ ಹೋಯಿತು. ಅಕ್ಕ ಕೊಟ್ಟ ಮಾತು ಮುರಿದಳು.