ಹಾಸಿಗೆ ಅಂಗಡಿಯ ಮುಂದೆ ನಿದ್ದೆ ಹೋದವನು

ಆ ಕೈ ಯಾರದು, ಕೊಡೆ ಹಿಡಿದ ಕೈಯಷ್ಟೇ ಕಾಣುತ್ತದೆ, ಉಳಿದ ಮೈಯೆಲ್ಲ ಗೋಡೆಯ ಮೂಲೆಯಾಚೆ, ಮಳೆಗೆ ಹಿಡಿದದ್ದೋ ಬಿಸಿಲಿಗೋ, ಬಿಸಿಲಿಗೇ ಇರಬೇಕು, ಕೊಡೆಯ ನೆರಳಿನಲ್ಲಿ ಒಂದು ಬೀದಿನಾಯಿ ನಡೆದು ಹೋಗುತ್ತಿದೆ, ಅದು ತನಗಾಗಿಯೇ ಹಿಡಿದ ಕೊಡೆ ಅನ್ನುವ ಗತ್ತಿನಲ್ಲಿ — ಅವಳು ಕನ್ನಡಕ ಏರಿಸಿಕೊಂಡು ಒಂದು ಹೆಜ್ಜೆ ಮುಂದೆ ಹೋದಳು, ಮುಂದೆ ಹೋದರೆ ನಾಯಿಯಿಲ್ಲ, ಬರೀ ಕಪ್ಪು ಬಿಳುಪು ಚುಕ್ಕೆ, ಹಿಂದೆ ಬಂದರೆ ಮತ್ತೆ ನಾಯಿ, ಏನು ಮಾಯೆಯಪ್ಪಾ, ಈ ಫೋಟೋ ತೆಗೆದವಳು ನನ್ನ ಸೊಸೆ, ಪಕ್ಕದಲ್ಲಿ ನಿಂತು ನೋಡುತ್ತಿರುವ ಈ ಹೆಂಗಸಿಗೆ ಹೇಳಿಬಿಡಲೇ, ಬೇಡ, ಬರುವಾಗಲೇ ಮಗ ಎಚ್ಚರಿಸಿದ್ದಾನೆ, ಅಮ್ಮಾ, ಸಿಕ್ಕಸಿಕ್ಕವರನ್ನ ಹಿಡಕೊಂಡು ನನ್ನ ಸೊಸೆ ನನ್ನ ಸೊಸೆ ಅಂತ ಶುರು ಹಚ್ಕೋಬೇಡ, ಇದು ಬಸ್ಸಲ್ಲ. ಬಸ್ಸಲ್ಲವಂತೆ. ಆ ಬಸ್ಸೇ ಅಲ್ಲವೇನೋ ನಿನ್ನನ್ನು ಓದಿಸಿದ್ದು, ಔಷಧಿ ಅಂಗಡಿಯ ಗಲ್ಲಾದ ಮುಂದೆ ಕೂರಿಸಿದ್ದು, ಟಿಕೆಟ್ ಹರಿದು ಹರಿದು ಹೆಬ್ಬೆರಳ ರೇಖೆ ಸವೆದುಹೋಗಿದೆ, ಇಡೀ ಮಾರ್ಗದಲ್ಲಿ ಸೀಟಿಯಕ್ಕ ಅಂದರೆ ಸಾಕು, ಮಕ್ಕಳಿಗೂ ಗೊತ್ತಿತ್ತು, ಕತ್ತಿನಲ್ಲಿ ಸೀಟಿ ನೇತುಹಾಕಿಕೊಂಡ ಕಂಡಕ್ಟರ್ ಅಂತ — ಇದು ನಮ್ಮ ಸೊಸೆ ತೆಗೆದದ್ದು, ಅಂದೇಬಿಟ್ಟಳು, ಬಾಯಿ ಅವಳ ಮಾತು ಯಾವತ್ತು ಕೇಳಿದೆ. ಹೆಂಗಸು ತಿರುಗಿ, ಹೌದಾ, ಎಂಥ ಕಣ್ಣಮ್ಮ ನಿಮ್ಮ ಸೊಸೇದು, ಅಂದಳು. ಎಂಥ ಕಣ್ಣು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ, ನಾನೇನು ಇವಳನ್ನು ಹೆತ್ತಿಲ್ಲವಲ್ಲ, ಆದ್ದರಿಂದ ನನ್ನ ಮಾತು ನಂಬಬಹುದು, ಈ ಹಳೆಯ ಗೋದಾಮಿನ ಸುಣ್ಣದ ಗೋಡೆಯ ತುಂಬ ನೇತಾಡುವುದು ಅವಳು ನಡೆದ ಬೀದಿಗಳು, ಬೆಳಿಗ್ಗೆ ಆಸ್ಪತ್ರೆಯಲ್ಲಿ ಜನರ ಎಲುಬಿನ ಚಿತ್ರ ತೆಗೆಯುತ್ತಾಳೆ, ಸಂಜೆ ಅದೇ ಎಲುಬುಗಳು ಮಾಂಸ ಬಟ್ಟೆ ತೊಟ್ಟು ಬೀದಿಯಲ್ಲಿ ಓಡಾಡುವಾಗ ಇನ್ನೊಂದು ಸಲ ತೆಗೆಯುತ್ತಾಳೆ, ಅವಳೇ ಹಾಗೆ ನಗುತ್ತಾ ಹೇಳಿದ್ದು, ಮದುವೆಯಾಗಿ ಬಂದ ಹೊಸತರಲ್ಲಿ. ಪಕ್ಕದ ಮನೆಯಾಕೆ ಗೇಟಿನ ಹತ್ತಿರ ಹಿಡಿದು ನಿಲ್ಲಿಸಿ, ನಿಮ್ಮ ಸೊಸೆ ಬೀದೀಲಿ ಗಂಡಸರ ಫೋಟೋ ತೆಗೀತಾಳಂತಲ್ಲ, ಅಂದಾಗ ಏನು ಹೇಳಿದೆ ನಾನು, ಹೆಂಗಸರದ್ದೂ ತೆಗೀತಾಳೆ, ಎಮ್ಮೆಗಳದ್ದೂ ತೆಗೀತಾಳೆ, ನಿಮ್ಮದೂ ಒಂದಿದೆ, ಬಾಯಿ ತೆಗೆದಿದ್ದೀರಿ, ಅಷ್ಟೇ, ಆಕೆ ಆಮೇಲೆ ಎಷ್ಟೋ ದಿನ ಬಾಯಿ ಮುಚ್ಚಿಕೊಂಡೇ ಗೇಟು ದಾಟಿದಳು.

ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಅಂತ ಗಾದೆ ಮಾಡಿದವರು ಇಬ್ಬರಿಗೂ ಒಂದೇ ಕಾಲ ಬರುವುದನ್ನು ಕಂಡಿರಲಿಕ್ಕಿಲ್ಲ, ನಿವೃತ್ತಿಯಾಗಿ ಮನೆಯಲ್ಲಿ ಕೂತರೆ ನೆಲ ಅಲುಗಾಡುವುದಿಲ್ಲ ಅನ್ನುವುದೇ ಒಂದು ಸಂಕಟ, ಅಲುಗಾಡದ ನೆಲದ ಮೇಲೆ ನಿಲ್ಲುವುದು ಹೇಗೆ, ಅಡುಗೆಮನೆಯಲ್ಲೂ ಕಾಲಗಲಿಸಿ ನಿಂತು ಒಗ್ಗರಣೆ ಹಾಕುತ್ತಿದ್ದಳು — ಬನ್ನಿ ಅತ್ತೆ, ನಂಜೊತೆ ಬನ್ನಿ, ಸುಮ್ಮನೆ ನಿಂತ್ಕೊಳ್ಳೋ ಕೆಲಸ, ಅಂದಳು ಸೊಸೆ, ಇವಳೂ ಜೊತೆಗೆ ಹೋದಳು, ನಾಲ್ಕು ದಾರಿ ಕೂಡುವ ಕಡೆ ಒಂದು ಬಾಗಿಲು ಮುಚ್ಚಿದ ಅಂಗಡಿಯ ಮೆಟ್ಟಿಲು, ಅಲ್ಲಿ ನಿಂತರು, ನಿಂತೇ ನಿಂತರು, ಏನೇ ಕಾಯ್ತಿದ್ದೀಯ, ಗೊತ್ತಿಲ್ಲ ಅತ್ತೆ, ಬಂದಾಗ ಗೊತ್ತಾಗತ್ತೆ. ಇದು ಯಾವ ಸೀಮೆ ಬಸ್ಸು, ನಂಬರಿಲ್ಲ, ವೇಳೆಯಿಲ್ಲ, ಆದರೂ ಬಂತು, ಒಬ್ಬ ಮುದುಕ ಮರದ ಕುರ್ಚಿಯನ್ನು ತಲೆಯ ಮೇಲೆ ಕವುಚಿಕೊಂಡು ನಡೆದು ಬಂದ, ಕುರ್ಚಿಯ ಕಾಲುಗಳ ನಡುವಿನಿಂದ ಅವನ ಮುಖ ಕಿಟಕಿಯಿಂದ ಇಣುಕಿದ ಹಾಗೆ, ಅದೇ ಗಳಿಗೆಗೆ ಎದುರಿನ ಮಹಡಿಯ ಕಿಟಕಿಯಿಂದ ಒಂದು ಮಗು ಇಣುಕಿತು, ಕ್ಲಿಕ್, ಅಷ್ಟು ಸಣ್ಣ ಸದ್ದು, ಇಷ್ಟು ವರ್ಷ ನಾನೂ ಬೀದಿಯನ್ನೇ ನೋಡಿದವಳು, ಎರಡು ಕಿಟಕಿ ಒಟ್ಟಿಗೇ ತೆರೆದದ್ದು ನನಗೆ ಕಂಡಿರಲಿಲ್ಲ, ಈಗ ಗೋಡೆಯ ಮೇಲೆ ಕಾಣುತ್ತಿದೆ, ಅಗೋ, ಬಾಗಿಲ ಬಲಕ್ಕೆ. ಅದರ ಪಕ್ಕದ್ದು ನನ್ನದೇ ಚಿತ್ರ ಅನ್ನಬೇಕು, ನಾನು ಅದರಲ್ಲಿ ಇಲ್ಲದಿದ್ದರೂ, ಪಾತ್ರೆ ಅಂಗಡಿಯವನು ಅವತ್ತು ಕ್ಯಾಮೆರಾದ ಪಟ್ಟಿ ಹಿಡಿದು ಎಳೆದ, ಯಾರನ್ನ ಕೇಳಿ ತೆಗೆದೆ, ಡಿಲೀಟ್ ಮಾಡು ಅಂತ ಕೂಗಾಡಿದ, ಸೊಸೆ ಪಾಪ ಮಾಡ್ತೀನಿ ಸರ್ ಮಾಡ್ತೀನಿ, ಬಿಡಿ, ಅನ್ನುತ್ತಲೇ ಇದ್ದಾಳೆ, ಅವನು ಬಿಡುವುದಿಲ್ಲ, ಅವಳ ಕತ್ತು ಜಗ್ಗುತ್ತಿದೆ, ಸೀಟಿಯಕ್ಕನ ಕೈಚೀಲದಲ್ಲಿ ಸೀಟಿ ಇತ್ತಲ್ಲ, ಅಭ್ಯಾಸಕ್ಕೆ ಇಟ್ಟುಕೊಂಡದ್ದು, ಊದಿದಳು ನೋಡಿ, ಬಸ್ಸೊಂದು ಗಕ್ಕನೆ ನಿಂತಿತು, ಸೈಕಲ್ಲು ನಿಂತವು, ಬೀದಿಗೆ ಬೀದಿಯೇ ಕತ್ತು ತಿರುಗಿಸಿತು, ಅಂಗಡಿಯವನು ಪಟ್ಟಿ ಬಿಟ್ಟ, ಮತ್ತೆ ಈ ಹುಡುಗಿ, ಥ್ಯಾಂಕ್ಸ್ ಹೇಳುವುದು ಬಿಟ್ಟು, ಆ ತಿರುಗಿದ ಕತ್ತುಗಳನ್ನೆಲ್ಲ ಕ್ಲಿಕ್ ಮಾಡಿಬಿಟ್ಟಳು, ಆಮೇಲೆ ಅಂಗಡಿಯವನ ಚಿತ್ರವನ್ನು ಅವನ ಕಣ್ಣೆದುರೇ ಅಳಿಸಿದಳು, ಹೇಳಿದ್ದೆನಲ್ಲ ಸರ್, ಅಂತ. ಮನೆಗೆ ಬರುತ್ತ ಅವಳು ಕೇಳಿದ್ದಳು, ಅವನು ಪಟ್ಟಿ ಹಿಡಿದೆಳೆದ, ನೀನ್ಯಾಕೆ ಅಳಿಸಿದೆ, ಸೊಸೆ ಹೇಳಿದಳು, ಮುಖ ಅವರದು ಅತ್ತೆ.

ಗುಂಪು ಸೇರಿರುವುದು ಮಾತ್ರ ಅಲ್ಲಿ, ನಡುಗೋಡೆಯಲ್ಲಿ, ಅವಳು ಇದ್ದಲ್ಲಿಂದಲೇ ನಗು ಕೇಳಿಸುತ್ತಿದೆ, ಎಲ್ಲರೂ ಮೊದಲು ನಗುತ್ತಾರೆ, ಅವಳೂ ನಕ್ಕಿದ್ದಳು, ದೊಡ್ಡ ಹಾಸಿಗೆ ಅಂಗಡಿ, ಗಾಜಿನ ಹಿಂದೆ ಆಳೆತ್ತರದ ಮೆತ್ತೆ, ಬಿಳಿ ದಿಂಬು, ಗಾಜಿನ ಮುಂದೆ ಫುಟ್‌ಪಾತಿನಲ್ಲಿ ಟೈ ಕಟ್ಟಿದ ಒಬ್ಬ ಗಂಡಸು, ಕಂಕುಳಲ್ಲಿ ಆಫೀಸು ಬ್ಯಾಗು, ನಿಂತ ನಿಲುವಿನಲ್ಲೇ ಗಾಜಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಾನೆ, ತಲೆ ಸರಿಯಾಗಿ ಆ ದಿಂಬಿನ ಮೇಲೇ ಇದ್ದ ಹಾಗೆ, ನಡುವೆ ಗಾಜೊಂದಿದೆ ಅಷ್ಟೇ. ನಕ್ಕವರು ಸುಮ್ಮನಾಗುತ್ತಾರೆ, ಅದು ಸೊಸೆಯ ಕೈಚಳಕ, ನಗು ಮುಗಿದ ಮೇಲೂ ಕಾಲು ಅಲ್ಲಿಂದ ಏಳುವುದಿಲ್ಲ. ಪತ್ರಿಕೆಯ ವಿಮರ್ಶಕರು, ಆ ಗಡ್ಡದವರು, ಜೋರಾಗಿ ಹೇಳುತ್ತಿದ್ದಾರೆ, ನಾಳೆ ಬೆಳಿಗ್ಗೆ ಮುಖಪುಟದಲ್ಲಿ ಇದೇ ಬರತ್ತೆ ಕಣಮ್ಮ, ಇದೊಂದೇ ಸಾಕು, ನಿಮ್ಮ ಹೆಸರು ನಿಂತುಬಿಡತ್ತೆ, ಮುಖಪುಟ, ಮುಖಪುಟ, ಸೊಸೆಯ ಕಿವಿ ಕೆಂಪಗಾಗಿದೆ, ಮಗನ ಎದೆ ಶರ್ಟಿನ ಗುಂಡಿ ಕೀಳುವಷ್ಟು ಉಬ್ಬಿದೆ, ಒಂದಲ್ಲ ಹತ್ತು ಪತ್ರಿಕೆ ಕೊಳ್ಳಬೇಕು, ಬಸ್ ಡಿಪೋದ ನೋಟೀಸ್ ಬೋರ್ಡಿಗೊಂದು ಅಂಟಿಸಬೇಕು, ಗೇಟಿನಾಕೆಗೊಂದು — ಆಗ ಅವನನ್ನು ಕಂಡಳು. ಟೀ ಮೇಜಿನ ಹತ್ತಿರ, ಕಾಗದದ ಲೋಟ ಹಿಡಿದು, ಫ್ಯಾನಿನ ಕೆಳಗೆ. ಕಂಡಕ್ಟರಿಗೆ ಮುಖ ಮರೆಯುವುದಿಲ್ಲ, ಮುಖಕ್ಕಿಂತ ಹೆಚ್ಚಾಗಿ ನಿಲುವು, ಆ ಒಂದು ಕಡೆ ಇಳಿದ ಭುಜ, ಚಿತ್ರದಲ್ಲಿದ್ದ ಅದೇ ಪಟ್ಟೆ ಟೈ, ಕಂಕುಳಲ್ಲಿ ಅದೇ ಬ್ಯಾಗು, ಹೊರಗಿನ ಬಿಸಿಲಿಗೆ ಬೇಸತ್ತು, ಬಾಗಿಲು ತೆರೆದಿದೆ, ಟೀ ಪುಕ್ಕಟೆ ಅಂತ ಒಳಗೆ ಬಂದವನು, ಈಗ ಗುಂಪಿನ ತಲೆಗಳ ಮೇಲಿಂದ ಗೋಡೆಯ ಕಡೆ ನೋಡುತ್ತಿದ್ದಾನೆ, ನಕ್ಕರು, ಅವನು ನಗಲಿಲ್ಲ. ಕೂಗಾಡುತ್ತಾನೆ ಅಂದುಕೊಂಡಳು, ಪಾತ್ರೆ ಅಂಗಡಿಯವನ ಹಾಗೆ, ಕೈ ಚೀಲದೊಳಗೆ ಹೋಯಿತು, ಹೋಗಿ ಅವನ ಪಕ್ಕ ನಿಂತಳು, ಅವನು ಅವಳನ್ನು ನೋಡದೆಯೇ, ಅಮ್ಮಾ, ಅದು ನಾನಲ್ವಾ, ಅಂದ, ತನಗೇ ಗೊತ್ತಿಲ್ಲದವನ ಹಾಗೆ. ನಿಮ್ಮ ಹಾಗೇ ಇದೆ, ಅಂದಳು. ಚೆನ್ನಾಗಿ ತೆಗೆದಿದ್ದಾರೆ, ಅಂದ, ನಾಳೆ ಪೇಪರಲ್ಲಿ ಬರತ್ತಂತೆ ಹೌದಾ, ಅಂದ, ಆಮೇಲೆ ಲೋಟದೊಳಗೆ ನೋಡಿಕೊಂಡು, ಮನೇಲಿ ನಾನು ಆಫೀಸಿಗೆ ಹೋಗ್ತಿದ್ದೀನಿ ಅಂದ್ಕೊಂಡಿದ್ದಾರೆ, ಆಫೀಸು ಮುಚ್ಚಿಹೋಯ್ತು, ಹೇಳೋಣ ಅಂತಾನೇ ದಿನಾ ಬೆಳಿಗ್ಗೆ ಏಳ್ತೀನಿ, ಹೆಂಡತಿ ಅಷ್ಟರಲ್ಲಿ ಡಬ್ಬಿ ಕಟ್ಟಿಬಿಟ್ಟಿರ್ತಾಳೆ. ಡಬ್ಬಿ ಕಟ್ಟಿಬಿಟ್ಟಿರುತ್ತಾಳೆ. ದೇವರೇ. ಟಿಕೆಟ್ ಇಲ್ಲದೆ ಹತ್ತಿದವರು ಹೀಗೆಯೇ ನಿಲ್ಲುತ್ತಿದ್ದರು, ಕೊನೆಯ ಸೀಟಿನ ಹಿಂದೆ, ಹೊರಗೆ ನೋಡುತ್ತ, ಯಾವತ್ತೂ ಒಬ್ಬನನ್ನೂ ನಡುದಾರಿಯಲ್ಲಿ ಇಳಿಸಿದವಳಲ್ಲ ಅವಳು — ಆದರೆ ಮುಖಪುಟ, ಸೊಸೆಯ ಮುಖಪುಟ, ಇವನೇನೂ ಕೇಳುತ್ತಿಲ್ಲವಲ್ಲ, ತೆಗೆಯಿರಿ ಅನ್ನುತ್ತಿಲ್ಲ, ಇನ್ನೊಂದು ಲೋಟ ಟೀ ಕೊಟ್ಟು ಬಾಗಿಲವರೆಗೆ ಬಿಟ್ಟು ಬಂದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ನನ್ನ ಹೊಟ್ಟೆಯಲ್ಲೇ ಇರುತ್ತದೆ, ಕಂಡಕ್ಟರ್ ಹೊಟ್ಟೆಯಲ್ಲಿ ಏನೇನಿಲ್ಲ — ಹುಡುಗೀ, ಬಾ ಇಲ್ಲಿ, ಅಂತ ಕೂಗಿಯೂ ಆಗಿತ್ತು, ಬಸ್ಸಿನ ದನಿಯಲ್ಲಿ, ಇಡೀ ಗೋದಾಮು ತಿರುಗಿ ನೋಡಿತು.

ಸೊಸೆ ಬಂದಳು, ಅವನ ಟೈ ನೋಡಿದಳು, ಅಷ್ಟೇ, ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ, ಸರ್, ಅವತ್ತು ನಿಮ್ಮನ್ನ ಎಬ್ಬಿಸೋಕೆ ಮನಸ್ಸಾಗಲಿಲ್ಲ, ಆಮೇಲೆ ಎಷ್ಟೋ ಸಲ ಅಲ್ಲಿಗೆ ಬಂದು ಹುಡುಕಿದೆ, ಹೇಳಿ, ಇದು ಇಲ್ಲಿ ಇರಬಹುದಾ. ಅವನು ಬ್ಯಾಗನ್ನು ಕಂಕುಳಿನಿಂದ ಕೈಗೆ, ಕೈಯಿಂದ ಕಂಕುಳಿಗೆ ಬದಲಾಯಿಸಿದ, ಇರಲಿ ಬಿಡಿಮ್ಮ, ಪರವಾಗಿಲ್ಲ, ಅಂದ ದನಿಯಲ್ಲಿ ಪರವಾಗಿದೆ ಅನ್ನುವುದು ಕಿವುಡರಿಗೂ ಕೇಳಿಸುವಂತಿತ್ತು, ಸೊಸೆ ಸರಸರನೆ ನಡುಗೋಡೆಗೆ ಹೋದಳು, ದಾರಿ ಬಿಡಿ ಅಂದಳು, ತುದಿಗಾಲಲ್ಲಿ ನಿಂತು ಫ್ರೇಮನ್ನು ಎರಡೂ ಕೈಯಲ್ಲಿ ಎತ್ತಿ ಇಳಿಸಿದಳು, ಮಲಗಿದ ಮಗುವನ್ನು ತೊಟ್ಟಿಲಿನಿಂದ ಎತ್ತುವ ಹಾಗೆ, ಎದೆಗೆ ಒತ್ತಿಕೊಂಡಳು, ಚಿತ್ರ ಒಳಮುಖವಾಗಿ. ಗಡ್ಡದವರು, ಏನಮ್ಮ ಇದು, ಪತ್ರಿಕೇಲಿ ಪುಟ ಆಗಲೇ ಜೋಡಿಸ್ತಿದ್ದಾರೆ, ಅಂದರು, ಇದು ಬೇಡ ಸರ್, ಅಂದಳು, ಕಾರಣ ಹೇಳಿ, ಕಾರಣ ನನ್ನದಲ್ಲ ಸರ್, ಅಂದಳು, ಕಡ್ಡಿ ಮುರಿದ ಹಾಗೆ, ಬೇರೆ ಯಾವುದಾದ್ರೂ ಆರಿಸಿ, ಅವರು ಬೇರೆ ಆರಿಸಲಿಲ್ಲ, ಗಡಿಯಾರ ನೋಡಿಕೊಂಡು ಹೊರಟುಹೋದರು, ಕೈಗೆ ಬಂದ ತುತ್ತು, ಮಗ ತಲೆ ಮೇಲೆ ಕೈ ಹೊತ್ತು ನಿಂತ, ಎಂಥ ಕೆಲಸ ಮಾಡಿದೆಯೇ, ನೀನಾದ್ರೂ ಹೇಳಮ್ಮ ಇವಳಿಗೆ. ಹೇಳುವುದೇನಿದೆ, ಆಗುತ್ತಿರುವುದು ಸಂಕಟವಲ್ಲ, ಸಂಕಟ ಹೀಗೆ ಬೆನ್ನು ನೆಟ್ಟಗೆ ಮಾಡುವುದಿಲ್ಲ, ಡಿಪೋದಲ್ಲಿ ಬಂಗಾರದ ಪದಕ ಕೊಟ್ಟಾಗಲೂ ಇಷ್ಟು ನೆಟ್ಟಗೆ ನಿಂತಿರಲಿಲ್ಲ ಅವಳು. ಬಾಗಿಲ ಹತ್ತಿರ ಸೊಸೆ ಆ ಮನುಷ್ಯನಿಗೆ ಹೇಳುತ್ತಿದ್ದಳು, ಇದು ನಿಮ್ಮದು ಸರ್, ತಗೊಂಡು ಹೋಗಿ, ಅವನು ನಕ್ಕ, ಮೊದಲ ಸಲ, ಆಫೀಸು ಮುಚ್ಚಿದ್ದು ಮನೇಲಿ ಹೇಳಿಲ್ಲ, ಹೇಗಮ್ಮ ತಗೊಂಡು ಹೋಗ್ಲಿ, ಅಂದ, ಅವಳೂ ನಕ್ಕಳು, ಹಾಗಾದ್ರೆ ನನ್ ಹತ್ರ ಇರ್ಲಿ, ಹೇಳಿದ ಮೇಲೆ ಬನ್ನಿ, ಅವನು ಹೂಂ ಅಂದ, ಹೇಳುತ್ತಾನೋ ಇಲ್ಲವೋ, ಬ್ಯಾಗನ್ನು ಕಂಕುಳಲ್ಲಿ ಒತ್ತಿಕೊಂಡು ಬೀದಿಗಿಳಿದ, ಬೀದಿ ಅವನನ್ನು ಒಳಗೆ ಎಳೆದುಕೊಂಡಿತು.

ಗೋಡೆಯಲ್ಲಿ ಮೊಳೆ ಉಳಿದಿದೆ. ಅಲ್ಲೇನಾದ್ರೂ ಹಾಕೋಣ, ಬಾಯಲ್ಲಿ ಹಲ್ಲು ಬಿದ್ದ ಹಾಗೆ ಕಾಣತ್ತೆ, ಅಂದ ಮಗ, ಬೇಡ ಕಣೋ, ಇರಲಿ, ಅಂದಳು. ಮೊಳೆ, ಸುತ್ತ ಬಿಳಿ ಸುಣ್ಣ. ಈಗಷ್ಟೇ ಬಂದವರು ಸಾಲಾಗಿ ನೋಡುತ್ತ ಬರುತ್ತಾರೆ, ಕೊಡೆಯ ಕೈ, ಕುರ್ಚಿಯ ಮುದುಕ, ತಿರುಗಿದ ಕತ್ತುಗಳು, ಆಮೇಲೆ ಮೊಳೆ, ಅಲ್ಲಿಯೂ ನಿಲ್ಲುತ್ತಾರೆ, ಎಲ್ಲದರ ಮುಂದೆ ನಿಂತಷ್ಟೇ ಹೊತ್ತು. ಒಬ್ಬ ಮುದುಕ ಕೋಲು ಊರಿ ಬಗ್ಗಿ ನೋಡಿದ, ಇಲ್ಲೇನಿತ್ತಮ್ಮ, ಅಂತ ಕೇಳಿದ, ಅವಳನ್ನೇ, ಅವಳು ಬಾಯಿ ತೆರೆದಳು, ನಾಲಿಗೆಯ ತುದಿಯಲ್ಲಿ ಗಾಜು, ದಿಂಬು, ಟೈ, ಡಬ್ಬಿ, ನನ್ನ ಸೊಸೆ, ನನ್ನ ಸೊಸೆ ಏನು ಮಾಡಿದಳು ಗೊತ್ತೇನ್ರೀ — ನುಂಗಿದಳು. ಸಂಜೆಯ ಬಿಸಿಲು ಬಾಗಿಲಿನಿಂದ ಒಳಗೆ ಹರಿದು ಬಂದು ಗೋಡೆಗೆ ಹತ್ತಿತು, ಮೊಳೆಗೊಂದು ನೆರಳು ಹುಟ್ಟಿತು, ಸಣ್ಣದು, ಓರೆಯಾದದ್ದು, ಮೊಳೆ, ಅದರ ನೆರಳು, ಮೊಳೆ.