ಬಿಡುವಾದಾಗ ಬನ್ನಿ ಸಾಹೇಬ್ರೆ

ಕೋಲಾರದಲ್ಲಿ ನಮ್ಮದು ಬೋರ್‌ವೆಲ್ ಮೋಟಾರು ರಿಪೇರಿ ಅಂಗಡಿ. ನನ್ನ ಅಬ್ಬಾ ಹಬೀಬುಲ್ಲಾ ಊಟಕ್ಕೆ ಕೂತರೂ ಫೋನು ಕೆಳಗಿಡುತ್ತಿರಲಿಲ್ಲ. ಯಾರ ಮೋಟಾರು ಯಾವಾಗ ಕೆಟ್ಟಿತೆಂಬುದು ಅವರ ತಲೆಯಲ್ಲಷ್ಟೇ ಇರುತ್ತಿತ್ತು. ಅವರು ಜ್ವರ ಬಂದು ಮಲಗಿದರೆ ಅಂಗಡಿಯೂ ಮಲಗುತ್ತಿತ್ತು. ನನಗೆ ರೇಗಿಹೋಗಿ ಒಂದು ಆ್ಯಪ್ ಹಾಕಿದೆ. ಗಿರಾಕಿಗಳು ವಾಟ್ಸಾಪಿಗೆ ಬಂದ ಲಿಂಕ್ ಒತ್ತಿ ನಾಲ್ಕು ಪ್ರಶ್ನೆಗೆ ಉತ್ತರ ಕೊಟ್ಟರಾಯಿತು. ಅವಸರದವರು ಮೇಲೆ, ಉಳಿದವರು ಕೆಳಗೆ, ಪಟ್ಟಿ ತಾನಾಗಿಯೇ ಅಂಗಡಿಯ ನಾಲ್ವರ ಫೋನಿನಲ್ಲೂ ಮೂಡುತ್ತದೆ.

"ಒಬ್ರಿಗೆ ತೊಂದ್ರೆ ಆದ್ರೂ ಇದನ್ನ ಮುಚ್ಬಿಡ್ಬೇಕು ತರನ್ನುಮ್," ಎಂದರು ಅಬ್ಬಾ. ನಾನು ಜಂಬದಿಂದಲೇ ಒಪ್ಪಿದೆ.

ಮೊದಲ ವಾರ ಬಹುತೇಕ ಎಲ್ಲರೂ 'ಬಹಳ ಅರ್ಜೆಂಟ್' ಒತ್ತಿದವರೇ. ಟೇಕಲ್ಲಿನ ಕೋದಂಡರಾಮಪ್ಪನವರು ಕಾರು ತೊಳೆಯುವ ಪಂಪಿಗೂ ಅದನ್ನೇ ಒತ್ತಿದ್ದರು. ಶುಕ್ರವಾರ ಪಟ್ಟಿಯ ತಳ ನೋಡಿ ಅಬ್ಬಾ ಮುಖ ಗಂಟಿಕ್ಕಿದರು. ಅಲ್ಲಿ ಸುಗಟೂರಿನ ಆದಿಲಕ್ಷ್ಮಮ್ಮನ ಹೆಸರಿತ್ತು: 'ಅರ್ಜೆಂಟ್ ಇಲ್ಲ. ಬಿಡುವಾದಾಗ ಬನ್ನಿ ಸಾಹೇಬ್ರೆ.'

"ಇದು ಯಾವಾಗ ಬಂದಿದ್ದು?"

"ಮಂಗಳವಾರ. ಅವ್ರೇ ಅರ್ಜೆಂಟಿಲ್ಲ ಅಂದಿದ್ದಾರಲ್ಲ."

"ತಲೆ ಮೇಲೆ ತಲೆ ಬಿದ್ರೂ ಆಯಮ್ಮ ಅರ್ಜೆಂಟ್ ಅನ್ನಲ್ಲ. ನಡಿ, ಗಾಡಿ ಹತ್ತು."

ಸುಗಟೂರಿನಲ್ಲಿ, ಅರವತ್ತು ದಾಟಿದ ಆದಿಲಕ್ಷ್ಮಮ್ಮ ಪಕ್ಕದ ತೋಟದಿಂದ ಬಿಂದಿಗೆಯಲ್ಲಿ ನೀರು ಹೊತ್ತು ತಂದು ನಾಲ್ಕು ಹಸುಗಳಿಗೆ ಕುಡಿಸುತ್ತಿದ್ದರು. ನಮ್ಮನ್ನು ಕಂಡು, "ಊಟ ಆಯ್ತಾ ಸಾಹೇಬ್ರೆ?" ಎಂದು ನಕ್ಕರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ.

"ಅರ್ಜೆಂಟ್ ಅಂತ ಒತ್ತಬಾರ್ದಾಗಿತ್ತಾ ಅಮ್ಮಾ?"

"ಅದೆಂಗಮ್ಮ ಒತ್ತೋದು? ಬರೋರ್ನ ಹಂಗೆಲ್ಲ ಅವಸರ ಮಾಡ್ತಾರಾ?"

ಸುಟ್ಟಿದ್ದು ಸ್ಟಾರ್ಟರಿನ ಒಂದು ತಂತಿ. ಅರ್ಧ ಗಂಟೆಯಲ್ಲಿ ತೊಟ್ಟಿಗೆ ನೀರು ಬಿತ್ತು. ಅಬ್ಬಾ ಕೈ ತೊಳೆಯುತ್ತ, "ಮುಚ್ಬಿಡು," ಎಂದರು.

"ಪಟ್ಟಿದು ತಪ್ಪಿಲ್ಲ ಅಬ್ಬಾ, ನಾನು ಕೇಳಿದ ಪ್ರಶ್ನೇನೇ ತಪ್ಪು. ಒಂದು ದಿನ ಕೊಡಿ."

ಅವರು ಬೇಡವೆನ್ನದೆ ಸಾಮಾನನ್ನು ಗಾಡಿಗೆ ಹಾಕತೊಡಗಿದರು. ಅಷ್ಟು ಸಾಕೆಂದು ತೊಟ್ಟಿಯ ಕಟ್ಟೆಯ ಮೇಲೆ ಕೂತು ಅರ್ಜೆಂಟಿನ ಪ್ರಶ್ನೆಯನ್ನೇ ಅಳಿಸಿದೆ. ಅದರ ಜಾಗದಲ್ಲಿ, 'ನೀರು ನಿಂತು ಎಷ್ಟು ದಿನ? ಈಗ ಎಲ್ಲಿಂದ ತರ್ತಿದ್ದೀರಿ?' ಎಂದು ಬರೆದು, ನೀರಿಗೆ ಹೆಚ್ಚು ಕಷ್ಟಪಡುವವರು ಮೇಲೆ ಬರುವಂತೆ ಮಾಡಿ ಎಲ್ಲರಿಗೂ ಮತ್ತೆ ಕಳಿಸಿದೆ.

ಬೆಳಿಗ್ಗೆ ನೋಡಿದರೆ ಕೋದಂಡರಾಮಪ್ಪನವರು 'ನಲ್ಲಿಯಲ್ಲಿ ಬರ್ತಿದೆ' ಎಂದು ಬರೆದು, ಯಾರ ಒತ್ತಾಯವೂ ಇಲ್ಲದೆ ತಳಕ್ಕೆ ಇಳಿದಿದ್ದರು. ಎಲ್ಲರಿಗಿಂತ ಮೇಲೆ ಶ್ರೀನಿವಾಸಪುರದ ಚಿಕ್ಕಗಂಗಮ್ಮ: 'ಐದು ದಿನ. ಕೆರೆಯಿಂದ. ನಿಧಾನವಾಗಿ ಬನ್ನಿ.'

ಅಬ್ಬಾ ಅದನ್ನು ಎರಡು ಸಲ ಓದಿದರು. ಫೋನು ಮಾಡಿ ವಿಚಾರಿಸುತ್ತಾರೇನೋ ಎಂದು ನಾನು ನೋಡುತ್ತ ನಿಂತಿದ್ದೆ. ಅವರು ಫೋನನ್ನು ಜೇಬಿಗೆ ಹಾಕಿಕೊಂಡು, ಶ್ರೀನಿವಾಸಪುರದ ರಸ್ತೆಗೆ ಗಾಡಿ ತಿರುಗಿಸಿದರು.