ಸದ್ದಿಲ್ಲದ ಫ್ಯಾನು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮೂಳೆ ಮೇಡಂ ಎನ್ನುತ್ತಿದ್ದರು. ಅವಳು ಡಾಕ್ಟರಲ್ಲ. ರೋಗಿಗಳ ಸ್ಕ್ಯಾನ್ ತರಿಸಿಕೊಂಡು ಅವರ ದವಡೆಯ ಮೂಳೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿಕೊಡುವುದು ಅವಳ ಕೆಲಸ. ಮುರಿದ ದವಡೆಗೆ ಎಲ್ಲಿ ತಗಡು ಕೂರಿಸಬೇಕು, ಎಲ್ಲಿ ಸ್ಕ್ರೂ ಹಾಕಬೇಕು ಎಂದು ಸರ್ಜನ್ ಆ ಮಾದರಿಯನ್ನು ಪರದೆಯ ಮೇಲೆ ತಿರುಗಿಸಿ ನೋಡಿ ತೀರ್ಮಾನ ಮಾಡುತ್ತಿದ್ದರು. ಮನೆಯಲ್ಲೇ ಕೂತು ಮಾಡುವ ಈ ಕೆಲಸಕ್ಕೆಂದು ಅವಳು ಒಂದು ವರ್ಕ್‌ಸ್ಟೇಷನ್ ಲ್ಯಾಪ್‌ಟಾಪ್ ಕೊಂಡಿದ್ದಳು. ಎತ್ತಿದರೆ ತೋಳು ಸೋಲುವಷ್ಟು ಭಾರ. ಅದರ ಚಾರ್ಜರೇ ಒಂದು ಇಟ್ಟಿಗೆಯಷ್ಟಿತ್ತು. ದೊಡ್ಡ ಮಾದರಿ ತೆರೆದರೆ ಒಳಗಿನ ಫ್ಯಾನು ಹೋ ಎಂದು ಕೂಗತೊಡಗುತ್ತಿತ್ತು. ನಾದಿನಿ ಚುಕ್ಕಿ ಅದಕ್ಕೆ ಕುಲುಮೆ ಎಂದು ಹೆಸರಿಟ್ಟಿದ್ದಳು.

ಗಂಡ ಪಿಯಾನೊಗಳಿಗೆ ಶ್ರುತಿ ಕೂಡಿಸುವವನು. ಶಾಲೆ, ಹೋಟೆಲು, ಸಂಗೀತದ ಸಭಾಂಗಣ, ಎಲ್ಲ ಕಡೆಯಿಂದಲೂ ಅವನಿಗೆ ಕರೆ ಬರುತ್ತಿತ್ತು. ದುರಸ್ತಿಗೆ ಬಂದ ಪಿಯಾನೊ ಒಂದಾದರೂ ಮನೆಯ ಮುಂದಿನ ಕೋಣೆಯಲ್ಲಿ ಸದಾ ಇರುತ್ತಿತ್ತು. ಅವಳ ಮೇಜು ನಡುಕೋಣೆಯಲ್ಲಿ. ಎರಡರ ಮಧ್ಯೆ ಇದ್ದ ಬಾಗಿಲು ಸರಿಯಾಗಿ ಕೂರುತ್ತಿರಲಿಲ್ಲ. ಪಿಯಾನೊದ ಒಂದೇ ಸ್ವರದ ಮನೆಯನ್ನು ಮತ್ತೆ ಮತ್ತೆ ಟಣ್ ಟಣ್ ಎಂದು ಬಾರಿಸುವುದನ್ನು ದಿನವಿಡೀ ಕೇಳಿದರೆ ತಲೆ ಕೆಡುತ್ತದೆಂದು ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದಳು. ಚುಕ್ಕಿ ಹಳೆಯ ಕೆಲಸ ಬಿಟ್ಟು, ಹೊಸದು ಸಿಗುವವರೆಗೆ ಎಂದು ಅಣ್ಣನ ಮನೆಗೆ ಬಂದಿದ್ದಳು.

ತೊಂದರೆ ಶುರುವಾದದ್ದು ಒಬ್ಬ ಬಸ್ ಡ್ರೈವರನ ದವಡೆಯಿಂದ. ಮಾದರಿಯನ್ನು ತಿರುಗಿಸಿದರೆ ಅದು ತುಕ್ಕು ಹಿಡಿದ ಬಾಗಿಲಿನ ಹಾಗೆ ತಡೆತಡೆದು ತಿರುಗಿತು. ಪರದೆಯೂ ಮಂಕಾಗಿತ್ತು. ತನ್ನ ಕಣ್ಣೇ ದಣಿದಿರಬೇಕೆಂದು ಅವಳು ನೀರು ಚಿಮುಕಿಸಿಕೊಂಡು ಬಂದು ಮುಂದುವರಿಸಿದಳು, ಮುಗಿಸಿ ಕಳಿಸಿದಳು. ಮಾರನೆಯ ದಿನ ಸರ್ಜನ್ ಫೋನು ಮಾಡಿದರು.

"ಕೆಳದವಡೆ ಒಳಗೆ ನರ ಹೋಗೋ ದಾರಿ ಇದೆಯಲ್ಲ, ಅದು ನೀವು ತೋರಿಸಿರೋ ಜಾಗದಲ್ಲಿ ಇಲ್ಲ."

"ಇಲ್ವಾ?"

"ನಾನು ಸ್ಕ್ಯಾನ್ ಪಕ್ಕದಲ್ಲಿಟ್ಟು ನೋಡಿದ್ದಕ್ಕೆ ಸರಿಹೋಯ್ತು. ಇದನ್ನೇ ನಂಬಿ ಸ್ಕ್ರೂ ಹಾಕಿದ್ದಿದ್ರೆ ಆ ಮನುಷ್ಯನ ತುಟಿ ಸಾಯೋವರೆಗೂ ಜೋಮು ಹಿಡಿದೇ ಇರ್ತಿತ್ತು. ನೀವು ಹೀಗೆ ಮಾಡೋರಲ್ಲ. ಏನಾಗಿದೆ ನೋಡಿಕೊಳ್ಳಿ."

ಬೂದುಬಣ್ಣದ ಮೇಲೆ ಇನ್ನೂ ತೆಳುವಾದ ಬೂದುಗೆರೆ ಆ ನರದ ದಾರಿ. ಮಂಕು ಪರದೆಯಲ್ಲಿ ಅದು ಕಂಡಿರಲಿಲ್ಲ. ಇದ್ದಿರಬಹುದು ಎಂಬ ಕಡೆ ಅವಳ ಕೈ ಗೆರೆ ಎಳೆದುಬಿಟ್ಟಿತ್ತು.

ಲ್ಯಾಪ್‌ಟಾಪನ್ನು ರಿಪೇರಿ ಅಂಗಡಿಗೆ ಒಯ್ದಳು. ಅಂಗಡಿಯವನು ತಳ ಬಿಚ್ಚಿ, ಧೂಳು ಊದಿ, ಚಿಪ್‌ನ ಮೇಲೆ ಒಣಗಿದ್ದ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಸೆಟ್ಟಿಂಗ್‌ಗಳನ್ನೆಲ್ಲ ಹೊಸದರಲ್ಲಿದ್ದಂತೆ ಮಾಡಿ, "ಇನ್ನು ಗಾಳಿ ಹಾಗೆ ಓಡುತ್ತೆ" ಎಂದು ಕೊಟ್ಟ. ಓಡಿತು ಕೂಡ. ಆದರೆ ವಾರ ಕಳೆಯುವುದರೊಳಗೆ ಮತ್ತೆ ಅದೇ ಹಾಡು. ಒಳಗಿನ ಒಳ್ಳೆಯ ಭಾಗ ಕಿತ್ತು ಹಳೆಯದು ಹಾಕಿದ್ದಾನೋ ಏನೋ ಎಂಬ ಗುಮಾನಿ ಹುಟ್ಟಿ, ಅವಳು ಮತ್ತೆ ಅಂಗಡಿಗೆ ಹೋಗಿ ಆ ಮಾತನ್ನು ಅರ್ಧ ಆಡಿಯೂ ಬಿಟ್ಟಳು. ಅವನ ಮುಖ ಗಂಟಿಕ್ಕಿತು. ಲ್ಯಾಪ್‌ಟಾಪನ್ನು ಅವಳ ಕಡೆಗೇ ತಿರುಗಿಸಿಟ್ಟು ತೆರೆದ.

"ಇಲ್ಲಿ ನೋಡಿ. ಯಾರೋ ಇದನ್ನ ನಿಶ್ಶಬ್ದ ಅನ್ನೋ ಮೋಡ್‌ಗೆ ಹಾಕಿದಾರೆ. ಫ್ಯಾನ್ ತಿರುಗಬಾರದು ಅಂದ್ರೆ ಬಿಸಿ ಆಗಬಾರದು. ಬಿಸಿ ಆಗಬಾರದು ಅಂತ ಇದು ಗ್ರಾಫಿಕ್ಸ್ ಚಿಪ್ಪನ್ನೇ ಮಲಗಿಸುತ್ತೆ, ಪರದೆ ಬೆಳಕೂ ಇಳಿಸುತ್ತೆ. ಎತ್ತಿನ ಕಾಲು ಕಟ್ಟಿ ಗಾಡಿ ಎಳಿ ಅಂದ ಹಾಗೆ."

"ನಾನು ಹಾಕಿಲ್ಲ."

"ನಾನೂ ಹಾಕಿಲ್ಲ. ಮನೇಲಿ ಇನ್ಯಾರಿದಾರೆ?"

ಆ ಪ್ರಶ್ನೆ ಅವಳ ಜೊತೆಗೇ ಮನೆಗೆ ಬಂತು. ಬರುವ ದಾರಿಯಲ್ಲೇ ಅವಳಿಗೆ ನೆನಪಾದದ್ದು ಚುಕ್ಕಿ. ಕೆಲಸದ ಅರ್ಜಿಗೆ ಒಂದು ವಿಡಿಯೊ ಮಾಡಿಕೊಳ್ಳುತ್ತೇನೆ, ಸ್ವಲ್ಪ ಹೊತ್ತು ಕುಲುಮೆ ಕೊಡಿ ಅತ್ತಿಗೆ ಎಂದು ಅವಳು ಕೇಳಿದ್ದಳು. ರೋಗಿಗಳ ಸ್ಕ್ಯಾನ್ ಇರುವ ಯಂತ್ರ, ಕೊಡುವುದಿಲ್ಲ ಎಂದಿದ್ದಾಗ ಚುಕ್ಕಿಯ ಮುಖ ಚಿಕ್ಕದಾಗಿತ್ತು. ಗಂಡನ ಹತ್ತಿರ ಮಾತು ತೆಗೆದಳು.

"ಚುಕ್ಕಿ ಏನಾದ್ರೂ ಮುಟ್ಟಿರಬಹುದಾ?"

ಅವನು ಪಿಯಾನೊದ ಒಳಗೆ ಬಗ್ಗಿದ್ದವನು ತಲೆ ಎತ್ತಲಿಲ್ಲ. "ಮುಟ್ಟಿದ್ರೂ ಮುಟ್ಟಿರಬಹುದು. ಚಿಕ್ಕಂದಿನಿಂದಲೂ ಅವಳದು ಅದೇ ಚಾಳಿ, ಸಿಕ್ಕಿದ್ದನ್ನೆಲ್ಲ ಒತ್ತಿ ನೋಡೋದು."

ಅಷ್ಟು ಸಾಕಾಯಿತು. ಮೋಡ್ ಸರಿಮಾಡಿಕೊಂಡು ಅವಳು ಕಾವಲು ಕೂತಳು. ಚುಕ್ಕಿ ಟೀ ತಂದರೆ ಮುಚ್ಚಳ ಅರ್ಧ ಇಳಿಸುವಳು. ಚುಕ್ಕಿ ಆ ಕೋಣೆಯಲ್ಲಿ ಹಾದುಹೋದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು. ಪಾಸ್‌ವರ್ಡ್ ಬದಲಾಯಿಸಿ, ಯಾವುದಕ್ಕೂ ಒಬ್ಬರಿಗೆ ಗೊತ್ತಿರಲಿ ಎಂದು ಗಂಡನಿಗೆ ಮಾತ್ರ ಹೇಳಿದಳು.

"ಅತ್ತಿಗೆ, ನನ್ನ ಕಂಡ್ರೆ ಲ್ಯಾಪ್‌ಟಾಪ್ ಯಾಕೆ ಮುಚ್ತೀರ?" ಎಂದು ಚುಕ್ಕಿ ಒಂದು ದಿನ ಕೇಳಿಯೇಬಿಟ್ಟಳು.

"ಧೂಳು ಕೂರುತ್ತೆ ಅಂತ."

"ನನ್ನಿಂದ ಧೂಳು ಏಳುತ್ತಾ?" ಎಂದು ಚುಕ್ಕಿ ನಕ್ಕಳು. ಆದರೆ ಆಮೇಲೆ ಟೀ ತರುವುದನ್ನು ನಿಲ್ಲಿಸಿದಳು.

ಚುಕ್ಕಿ ಸಂದರ್ಶನಕ್ಕೆಂದು ಬೇರೆ ಊರಿಗೆ ಹೋದಾಗ ಅವಳಿಗೆ ನಿಜವಾಗಿಯೂ ಹಗುರೆನಿಸಿತು. ಆಸ್ಪತ್ರೆಗೆ ಹೋಗಿ ಬಂದು, ಚಪ್ಪಲಿ ಕಳಚಿ, ಪಾಸ್‌ವರ್ಡ್ ಹಾಕಿ ಲ್ಯಾಪ್‌ಟಾಪ್ ತೆರೆದಳು. ಪರದೆ ಮಂಕಾಗಿತ್ತು. ಯಂತ್ರ ಮತ್ತೆ ನಿಶ್ಶಬ್ದ ಮೋಡ್‌ನಲ್ಲಿತ್ತು.

ಅವಳು ಕೂತಲ್ಲೇ ಕೂತಳು. ಹೆಡ್‌ಫೋನ್ ಹಾಕಿಕೊಳ್ಳುವುದೂ ಮರೆತುಹೋಗಿತ್ತು. ಪಕ್ಕದ ಕೋಣೆಯಲ್ಲಿ ಗಂಡ ತಂತಿ ಬಿಗಿಯುತ್ತಿದ್ದ ಸದ್ದು. ಅಂಗಡಿಯವನಿಗೆ ಮೆಲ್ಲಗೆ ಫೋನು ಮಾಡಿ, ತಾನು ಹೊರಗೆ ಹೋದಾಗ ಅದು ತಾನಾಗಿಯೇ ನಿಶ್ಶಬ್ದಕ್ಕೆ ಹೋಗಬಹುದೇ ಎಂದು ಕೇಳಿದಳು.

"ಅಪರೂಪಕ್ಕೆ ಹೋಗಬಹುದು ಮೇಡಂ. ಆದ್ರೆ ನೀವು ಹೊರಗೆ ಹೋದಾಗಲೇ ನೋಡ್ಕೊಂಡು ಹೋಗಲ್ಲ."

ಅವಳಿಗೆ ಆಗ ಹೊಳೆಯಿತು. ಹೊರಗೆ ಹೋಗುವಾಗ ಅವಳು ಮಾದರಿ ಕಟ್ಟುವ ಭಾರೀ ಲೆಕ್ಕಗಳನ್ನು ಲ್ಯಾಪ್‌ಟಾಪಿನಲ್ಲಿ ಓಡಲು ಬಿಟ್ಟು ಹೋಗುತ್ತಿದ್ದಳು; ಫ್ಯಾನು ಬೊಬ್ಬೆ ಹಾಕುತ್ತಲೇ ಇರುತ್ತಿತ್ತು. ಯಂತ್ರ ಬಂದ ಹೊಸದರಲ್ಲಿ ಗಂಡ ಅದನ್ನು ದಿನಾ ಬೈಯುತ್ತಿದ್ದ. ಈಚೆಗೆ ಒಂದು ಮಾತಿಲ್ಲ. ಸೊಳ್ಳೆಯ ಗುಂಯ್ ಯಾವ ಸ್ವರದಲ್ಲಿದೆ ಎಂದು ಹೇಳಬಲ್ಲ ಮನುಷ್ಯ ಕುಲುಮೆಯ ವಿಷಯದಲ್ಲಿ ಸುಮ್ಮನಿರುವುದೆಂದರೇನು?

ಅನುಮಾನಕ್ಕೆ ಒಮ್ಮೆ ಬಾಗಿಲು ತೆಗೆದರೆ ಅದು ಹಿತ್ತಲವರೆಗೂ ಹೋಗುತ್ತದೆ. ಇಷ್ಟೊಂದು ಕೆಲಸ ಯಾಕೆ ಒಪ್ಪಿಕೊಳ್ಳುತ್ತೀಯ ಎಂದು ಅವನು ಯಾವಾಗಲೋ ಕೇಳಿದ್ದ. ಅದು ಕಾಳಜಿಯೋ ಹೊಟ್ಟೆಕಿಚ್ಚೋ? ಸರ್ಜನ್ ಈ ಕೆಲಸಕ್ಕೆ ಬೇರೆಯವರನ್ನು ಹುಡುಕಿಕೊಂಡಾರು ಎಂದು ಅವನು ನಕ್ಕದ್ದು ತಮಾಷೆಗೋ? ಮದುವೆಯಾದಂದಿನಿಂದ ಆಡಿದ ಮಾತುಗಳನ್ನೆಲ್ಲ ಅವಳು ಅಕ್ಕಿಯಲ್ಲಿ ಕಲ್ಲು ಆರಿಸುವಂತೆ ಆರಿಸಿದಳು. ಹುಡುಕಿದಷ್ಟೂ ಕಲ್ಲು ಸಿಕ್ಕಿತು.

ಮಾರನೆಯ ಬೆಳಿಗ್ಗೆ ದೊಡ್ಡ ಲೆಕ್ಕವೊಂದನ್ನು ಓಡಿಸಿ, ಆಸ್ಪತ್ರೆಗೆ ಹೋಗಿ ಬರುತ್ತೇನೆ ಎಂದು ಹೊರಟಳು. ಬೀದಿಯ ತಿರುವಿನ ಔಷಧಿ ಅಂಗಡಿಯಲ್ಲಿ ಬೇಡದ ಒಂದು ಮುಲಾಮು ಕೊಂಡು, ಹಿಂದಿನ ಬಾಗಿಲಿನಿಂದ ಬೆಕ್ಕಿನಂತೆ ಒಳಗೆ ಬಂದಳು. ಅಡುಗೆಮನೆಯಿಂದ ನಡುಕೋಣೆ ಕಾಣುತ್ತಿತ್ತು.

ಗಂಡ ಅವಳ ಕುರ್ಚಿಯಲ್ಲಿದ್ದ. ಏನೋ ಒತ್ತಿದ. ಫ್ಯಾನಿನ ಕೂಗು ಇಳಿದು ಇಳಿದು ನಿಂತಿತು. ಅವನು ಎದ್ದು ಪಿಯಾನೊದ ಹತ್ತಿರ ಹೋಗಿ, ಬಲತುದಿಯ ಕೊನೆಯ ಮನೆಯನ್ನು ಒತ್ತಿದ. ಮತ್ತೆ ಒತ್ತಿದ. ಕಿವಿಯನ್ನು ಮರಕ್ಕೆ ಆನಿಸಿ ಮತ್ತೆ ಒತ್ತಿದ. ಬಂದು ಲ್ಯಾಪ್‌ಟಾಪಿನ ಪಕ್ಕಕ್ಕೆ ಕಿವಿಯಿಟ್ಟು, ಅದು ನಿಜಕ್ಕೂ ಸುಮ್ಮನಾಗಿದೆಯೇ ಎಂದು ಆಲಿಸಿದ.

"ಏನ್ರೀ ಮಾಡ್ತಿದ್ದೀರ?"

ಅವನು ತಿರುಗಿ ನೋಡಿದ. ಸಿಕ್ಕಿಬಿದ್ದವನ ಗಾಬರಿಯನ್ನು ಅವಳು ನಿರೀಕ್ಷಿಸಿದ್ದಳು. ಅವನ ಮುಖದಲ್ಲಿ ಬರೀ ಸುಸ್ತು ಇತ್ತು.

"ಇಲ್ಲಿ ಬಾ." ಪಿಯಾನೊದ ಕೊನೆಯ ಮನೆ ಒತ್ತಿದ. "ಕೇಳಿಸುತ್ತಾ?"

"ಕೇಳಿಸುತ್ತೆ. ಹಕ್ಕಿಮರಿ ಕೂಗಿದ ಹಾಗೆ."

"ನನಗೆ ಮರಕ್ಕೆ ಮರ ಬಡಿದ ಸದ್ದಷ್ಟೇ."

ಸಂಗೀತದ ಮೇಷ್ಟ್ರೊಬ್ಬರು ಪಿಯಾನೊ ವಾಪಸು ಕಳಿಸಿದ್ದರಂತೆ, ಮೇಲಿನ ಸ್ವರಗಳ ಶ್ರುತಿ ತಪ್ಪಿದೆ ಎಂದು. ಕುಲುಮೆಯ ಕೂಗು ಆ ಸ್ವರಗಳನ್ನು ನುಂಗುತ್ತಿದೆ ಎಂದುಕೊಂಡ ಅವನು, ಅವಳ ಲೆಕ್ಕ ಕೆಡದಂತೆ ಫ್ಯಾನು ಮಾತ್ರ ಅಡಗಿಸುವ ದಾರಿ ಹುಡುಕಿದ್ದ. "ಮೊದಮೊದಲು ಕೇಳಿಸಿದ ಹಾಗೇ ಅನ್ನಿಸ್ತು. ಆಮೇಲೆ ಅದೂ ಇಲ್ಲ. ಇವತ್ತು ಕೇಳಿಸಬಹುದು, ನಾಳೆ ಕೇಳಿಸಬಹುದು ಅಂತ ನಿಲ್ಲಿಸಿ ನೋಡ್ತಾನೇ ಇದ್ದೆ. ಮತ್ತೆ ಮೊದಲಿನ ಹಾಗೆ ಮಾಡಿಡೋದು ಒಂದೊಂದ್ಸಲ ಮರೆತುಹೋಗ್ತಿತ್ತು."

"ಆ ಡ್ರೈವರನ ತುಟಿ ಹೋಗ್ತಿತ್ತು. ನಿಮಗೆ ಹೇಳಿದ್ನಲ್ಲ."

"ಹೇಳಿದೆ. ಶ್ರುತಿ ಮಾಡೋನು ಕಿವಿ ಹೋಯ್ತು ಅಂತ ಯಾವ ಬಾಯಲ್ಲಿ ಹೇಳಲಿ?"

"ಚುಕ್ಕಿ ಮೇಲೆ ಹಾಕೋಕೆ ಬಾಯಿ ಬಂತಲ್ಲ."

ಅವಳಿಗೆ ಅವನ ಮೇಲೆ ಕನಿಕರವೂ ಸಿಟ್ಟೂ ಒಟ್ಟಿಗೇ ಬಂದವು. ಯಾವುದನ್ನು ಮೊದಲು ಆಡಬೇಕೋ ತಿಳಿಯದೆ, ಹೋಗಿ ಫ್ಯಾನನ್ನು ಮತ್ತೆ ಓಡಲು ಬಿಟ್ಟಳು.

ಕಿವಿಯ ಡಾಕ್ಟರು ಪರೀಕ್ಷೆ ಮಾಡಿ, ಮೇಲಿನ ಸ್ವರಗಳು ಎರಡೂ ಕಿವಿಗೆ ಹೋಗಿವೆ, ತಿರುಗಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಎಂದರು. ಸಭಾಂಗಣದ ಕೆಲಸವನ್ನು ಅವನೇ ಬಿಟ್ಟುಕೊಟ್ಟ. ಉಳಿದ ಪಿಯಾನೊಗಳಿಗೆ ಕೆಳಗಿನ ಸ್ವರ ಕಿವಿಯಿಂದ, ಮೇಲಿನದು ಶ್ರುತಿಯನ್ನು ಮುಳ್ಳಿನಿಂದ ತೋರಿಸುವ ಯಂತ್ರದಿಂದ ಎಂದು ರೂಢಿ ಮಾಡಿಕೊಂಡ. ಅವಳು ಲ್ಯಾಪ್‌ಟಾಪನ್ನು ಕಿಟಕಿಯ ಹತ್ತಿರ ಸ್ಟ್ಯಾಂಡಿನ ಮೇಲೆ ಇಟ್ಟಳು. ತಳದಲ್ಲಿ ಗಾಳಿಯಾಡಲು ಜಾಗ, ಬಿಸಿಲು ಬೀಳದಂತೆ ಓರೆಯಾಗಿಸಿದ ಪರದೆ, ಪೂರ್ಣ ಬೆಳಕು, ಪೂರ್ಣ ವೇಗ. ದವಡೆಗಳು ಬೆಣ್ಣೆಯಂತೆ ತಿರುಗುತ್ತಿದ್ದವು. ಸರ್ಜನ್ ಮತ್ತೆ ತಪ್ಪು ಹಿಡಿಯಲಿಲ್ಲ. ಆದರೂ ಬೆಳಿಗ್ಗೆ ಕೂತೊಡನೆ ಅವಳು ಮೊದಲು ನೋಡುತ್ತಿದ್ದುದು ಯಾವ ಮೋಡ್‌ನಲ್ಲಿದೆ ಎಂಬುದನ್ನೇ. ಗಂಡ ಅದನ್ನು ಕಂಡೂ ಕಾಣದಂತೆ ಇರುತ್ತಿದ್ದ.

ಚುಕ್ಕಿ ಕೆಲಸ ಗಿಟ್ಟಿಸಿಕೊಂಡೇ ಬಂದಳು. ಅವಳು ಬಟ್ಟೆ ಮಡಚುತ್ತಿದ್ದಾಗ ಅತ್ತಿಗೆ ಪಕ್ಕದಲ್ಲಿ ಕೂತು ನಡೆದದ್ದೆಲ್ಲವನ್ನೂ, ತನ್ನ ಅನುಮಾನವನ್ನೂ ಸೇರಿಸಿ, ಹೇಳಿದಳು.

"ಅಣ್ಣಂಗೆ ಕಿವಿ ಕೇಳಿಸಲ್ವಾ?" ಎಂದು ಚುಕ್ಕಿ ಮೊದಲು ಕೇಳಿದ್ದು ಅದನ್ನೇ. ಕೈಯಲ್ಲಿದ್ದ ಬಟ್ಟೆ ಮಡಚಿಟ್ಟು, "ನನ್ನ ಒಂದು ಮಾತು ಕೇಳಬಹುದಿತ್ತು ಅತ್ತಿಗೆ" ಎಂದಳು.

"ಕೇಳಬೇಕಿತ್ತು. ತಪ್ಪಾಯ್ತು."

"ಹೂಂ" ಎಂದು ಚುಕ್ಕಿ ಇನ್ನೊಂದು ಬಟ್ಟೆ ಮಡಚಿದಳು.

ಅವಳು ಬೇರೆ ಮನೆ ಮಾಡಿದ ಮೇಲೂ ಬಿಡುವಾದಾಗ ಬರುತ್ತಿದ್ದಳು. ಅಣ್ಣನ ಪಕ್ಕ ಕೂತು ಜೋರಾಗಿ ಮಾತಾಡಿ ನಗಿಸುತ್ತಿದ್ದಳು, ಅತ್ತಿಗೆಯ ಕೈಯಡುಗೆಯನ್ನು ಹೊಗಳಿ ಉಣ್ಣುತ್ತಿದ್ದಳು. ಅಡುಗೆಮನೆಗೆ ಹೋಗಬೇಕಾದರೆ ಮಾತ್ರ ಲ್ಯಾಪ್‌ಟಾಪ್ ಇದ್ದ ನಡುಕೋಣೆಯನ್ನು ಹಾಯದೆ, ಹೊರಗಿನಿಂದ ಸುತ್ತಿ ಹಿಂಬಾಗಿಲಿನಿಂದ ಬರುತ್ತಿದ್ದಳು.